ಯಂತ್ರಕ್ಕೆ ಒಪ್ಪಿಸಲಾಗದ ಎಚ್ಚರ

ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಹಗಲ ಬೆಳಕಿನಲ್ಲಿ, ಯಾವ ಜೀವಿಗೂ ಬಾಧೆಯಾಗದಂತೆ ನಡೆಯುವ ನಿಯಮವದು. ಈ ನಡಿಗೆಗೆ ಮಾರ್ಗ, ಬೆಳಕು, ಉಪಯೋಗ, ಆಲಂಬನ ಎಂಬ ನಾಲ್ಕು ಶುದ್ಧಿಗಳು ಬೇಕೆನ್ನುತ್ತದೆ ಮೂಲಾಚಾರ. ದಾರಿ ನಿರ್ಜಂತುಕವಾಗಿರಬೇಕು, ಬೆಳಕಿರಬೇಕು, ಮನಸ್ಸು ಹೆಜ್ಜೆಯ ಮೇಲಿರಬೇಕು, ಹೊರಟ ಕಾರಣ ಯೋಗ್ಯವಾಗಿರಬೇಕು.

ಗೃಹಸ್ಥನಿಗೆ ವಾಹನ ಅನಿವಾರ್ಯ. ಆದರೆ ವಾಹನವೇರಿದ ಮಾತ್ರಕ್ಕೆ ಎಚ್ಚರದ ಹೊಣೆ ಇಳಿಯುವುದಿಲ್ಲ, ಹೆಚ್ಚುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದ ಕಾರು ಒಂದೇ ಸೆಕೆಂಡಿನಲ್ಲಿ 25 ಮೀಟರ್ ದಾಟುತ್ತದೆ. ವೇಗವು 60ರಿಂದ 90ಕ್ಕೆ ಏರಿದರೆ ಅಪ್ಪಳಿಸುವ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಪಾದಚಾರಿ ಮುನಿಗೆ ಸಾಕಾಗುವ ನಾಲ್ಕು ಮೊಳ ಇಲ್ಲಿ ನೂರಾರು ಅಡಿಗಳಾಗಬೇಕು.

ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಹೊತ್ತ ಲಾರಿ, ಹಿಂದೀಪವಿಲ್ಲದ ಟ್ರ್ಯಾಕ್ಟರ್, ಅಡ್ಡ ಬರುವ ಕುರಿಮಂದೆ, ಎತ್ತಿನ ಬಂಡಿ, ಶಾಲೆಗೆ ಹೊರಟ ಮಕ್ಕಳು, ಎಲ್ಲರಿಗೂ ರಸ್ತೆ ಒಂದೇ. ಇಂಥ ದಾರಿಯಲ್ಲಿ ನಿರ್ಜಂತುಕ ಮಾರ್ಗವನ್ನು ನಿರೀಕ್ಷಿಸುವಂತಿಲ್ಲ. ಉಳಿದ ಮೂರು ಶುದ್ಧಿಗಳನ್ನಾದರೂ ಚಾಲಕನು ಕಾಪಾಡಿಕೊಳ್ಳಬೇಕು.

ಆದರೆ ಅವುಗಳಲ್ಲಿ ಮುಖ್ಯವಾದ ಉಪಯೋಗವನ್ನೇ ಯಂತ್ರಕ್ಕೆ ಒಪ್ಪಿಸುವ ಚಾಳಿ ಬೆಳೆಯುತ್ತಿದೆ. ರೇಡಾರ್ ಡಿಟೆಕ್ಟರ್ ಎಂಬ ಪುಟ್ಟ ಉಪಕರಣ, ಪೊಲೀಸರ ವೇಗಮಾಪಕ ಹೊಮ್ಮಿಸುವ ಅಲೆಗಳನ್ನು ದೂರದಿಂದಲೇ ಗ್ರಹಿಸಿ ಚಾಲಕನಿಗೆ ಸದ್ದಿನಿಂದ ಸೂಚಿಸುತ್ತದೆ. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಇದರ ಬಳಕೆಗೆ ನಿಷೇಧವಿದೆ. ಈ ಉಪಕರಣ ಕೊಳ್ಳದವರೂ ಅದರ ಕೆಲಸವನ್ನು ಬೇರೆ ದಾರಿಯಿಂದ ಮಾಡಿಸಿಕೊಳ್ಳುತ್ತಾರೆ. ಮೊಬೈಲ್ ನಕ್ಷೆ ಕ್ಯಾಮೆರಾ ಇರುವ ಜಾಗ ಹೇಳುತ್ತದೆ; ಎದುರಿನ ವಾಹನದವನು ಹೆಡ್‌ಲೈಟ್ ಮಿನುಗಿಸಿ ಪೊಲೀಸರಿರುವ ಸುಳಿವು ಕೊಡುತ್ತಾನೆ. ಕ್ಯಾಮೆರಾದ ಮುಂದೆ ಬ್ರೇಕ್, ದಾಟಿದೊಡನೆ ಮತ್ತೆ ಅದೇ ವೇಗ.

ಈ ಯಂತ್ರಕ್ಕೆ ದಂಡ ಹಾಕುವವನ ಸುಳಿವು ಸಿಗುತ್ತದೆ, ದಾರಿಗೆ ಅಡ್ಡ ಬರುವ ಕರುವಿನ ಸುಳಿವು ಸಿಗುವುದಿಲ್ಲ. ಕತ್ತಲಲ್ಲಿ ನಿಂತ ಟ್ರ್ಯಾಕ್ಟರಿಗಾಗಿ ಅದು ಸದ್ದು ಮಾಡದು. ಜೀವದ ಲಕ್ಷಣವೇ ಉಪಯೋಗ, ಅಂದರೆ ಅರಿವು ಎಂದು ತತ್ವಾರ್ಥಸೂತ್ರ ಹೇಳುತ್ತದೆ. ಆ ಅರಿವನ್ನು ದಂಡದ ಭಯಕ್ಕಷ್ಟೇ ಮೀಸಲಿಟ್ಟು, ಎದುರಿನ ಜೀವದ ವಿಷಯದಲ್ಲಿ ಮಂಕಾಗಿರುವುದೇ ಪ್ರಮಾದ. ಪ್ರಮಾದವೇ ಹಿಂಸೆಯ ಬೇರು. ಯತ್ನಪೂರ್ವಕ ನಡೆಯುವ ಮುನಿಯ ಪಾದಕ್ಕೆ ಸಿಕ್ಕಿ ಕೀಟವೊಂದು ಸತ್ತರೂ ಅವರಿಗೆ ಹಿಂಸೆಯ ಬಂಧವಿಲ್ಲ. ಅಜಾಗರೂಕನಿಂದ ಯಾರೂ ಸಾಯದಿದ್ದರೂ ಅವನಿಗೆ ಹಿಂಸಾದೋಷ ತಪ್ಪದು ಎಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು. ಕರ್ಮವು ಅಂಟಲು ಕ್ಯಾಮೆರಾದ ಸಾಕ್ಷಿ ಬೇಕಿಲ್ಲ.

ಇನ್ನೊಂದು ದೋಷವೂ ಇಲ್ಲಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು. ರಾಜ್ಯದ ನಿಯಮವನ್ನು ಉಪಾಯದಿಂದ ಮೀರುವುದೆಂದು ಅದರ ತಾತ್ಪರ್ಯ. ಒಳಗೊಂದು, ಹೊರಗೊಂದು ನಡೆಯುವುದು ಮಾಯಾ ಕಷಾಯ. ಕ್ಯಾಮೆರಾದ ಮುಂದಿನ ನೂರು ಗಜ ಮಾತ್ರ ಸಜ್ಜನನಾಗುವವನು ಎರಡರಲ್ಲೂ ಸಿಲುಕುತ್ತಾನೆ.

‘ಎಚ್ಚರಿಕೆ ಕೇಳಿ ವೇಗ ತಗ್ಗಿಸುತ್ತೇವಲ್ಲ, ಅದು ಒಳಿತೇ ಅಲ್ಲವೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕ್ಯಾಮೆರಾ ಇರುವ ರಸ್ತೆಯಲ್ಲಿ ಮುನ್ಸೂಚನಾ ಫಲಕ ಹಾಕಬೇಕೆಂದು 2021ರಲ್ಲಿ ಸೇರಿದ ಕೇಂದ್ರ ಮೋಟಾರು ವಾಹನ ನಿಯಮ 167ಎ ಹೇಳುತ್ತದೆ. ಅಂದರೆ ಸೂಚನೆ ತಪ್ಪಲ್ಲ. ಮಿತಿಯನ್ನು ನೆನಪಿಸಿಕೊಂಡು ದಾರಿಯುದ್ದಕ್ಕೂ ಪಾಲಿಸಲು ನೆರವಾದರೆ ಅದೇ ಸೂಚನೆ ವ್ರತಕ್ಕೆ ಸಾಧನ. ಎಲ್ಲಿ ಮೀರಿದರೆ ಸಿಕ್ಕಿಬೀಳುವುದಿಲ್ಲ ಎಂದು ತಿಳಿಯಲು ಬಳಸಿದರೆ ಮಾಯೆಗೆ ಸಾಧನ. ಉಪಕರಣ ಒಂದೇ, ಭಾವ ಬೇರೆ.

ಈ ದೋಷ ಚಾಲಕನೊಬ್ಬನದಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲು. ‘ಬೆಳಗಾಗುವುದರೊಳಗೆ ಸರಕು ಬಳ್ಳಾರಿ ಮುಟ್ಟಬೇಕು’ ಎಂದು ಲಾರಿಯವನನ್ನು ಅವಸರಿಸುವ ಮಾಲೀಕನದು ಕಾರಿತ. ಹಿಂದಿನ ಸೀಟಿನಲ್ಲಿ ಕುಳಿತು ವೇಗಕ್ಕೆ ಮೆಚ್ಚುವವನದು ಅನುಮೋದಿತ. ಪೂಜೆಗೆ, ಮುನಿದರ್ಶನಕ್ಕೆ ಹೊರಟ ಕಾರಿಗೂ ವಿನಾಯಿತಿಯಿಲ್ಲ. ಆಲಂಬನ ಶುದ್ಧವಾಗಿದ್ದರೂ ಉಪಯೋಗ ತಪ್ಪಿದರೆ ಯಾತ್ರೆ ಕೆಟ್ಟಂತೆಯೇ. ಬರಿಗಾಲಿನಲ್ಲಿ ವಿಹಾರ ಮಾಡುವ ತ್ಯಾಗಿಗಳೂ ಇದೇ ಹೆದ್ದಾರಿಗಳ ಅಂಚಿನಲ್ಲಿ ನಡೆಯುತ್ತಾರೆ; ವಾಹನ ಬಡಿದು ಪ್ರಾಣ ತೆತ್ತವರೂ ಇದ್ದಾರೆ. ಇರುವೆಗೂ ದಾರಿ ಬಿಟ್ಟು ನಡೆದವರಿಗೆ ದಾರಿ ಬಿಡಲು ನಮ್ಮ ವೇಗಕ್ಕೆ ಪುರುಸೊತ್ತಿಲ್ಲದಿದ್ದರೆ ಅಹಿಂಸೆಯ ಜಯಘೋಷಕ್ಕೆ ಅರ್ಥವೇನು?

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬೆಳಕಿಗೆ ಬಂದ ಅಶೋಕನ ಶಾಸನ, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಹಿರಿದನ್ನು ಪಡೆಯಬಲ್ಲನೆಂದು ಸಾರುತ್ತದೆ. ಸಾಮಾನ್ಯ ಗೃಹಸ್ಥನಿಗೆ ರಸ್ತೆಯೂ ಅಂಥದೊಂದು ಧರ್ಮಕ್ಷೇತ್ರ. ಸಾಮಾಯಿಕಕ್ಕೆ ಕುಳಿತಾಗ ಶ್ರಾವಕನು ಈರ್ಯಾಪಥ ಶುದ್ಧಿಯನ್ನು ಮಾಡಿ, ದಾರಿಯಲ್ಲಿ ತನ್ನಿಂದ ನೊಂದ ಜೀವಿಗಳ ಕ್ಷಮೆ ಕೋರುತ್ತಾನೆ. ಆ ಪಾಠದಲ್ಲಿ ಇಂದಿನ ದಿನ ತಾನು ಓಡಿಸಿದ ಕಿಲೋಮೀಟರುಗಳೂ ಸೇರಿವೆ ಎಂಬ ನೆನಪಿದ್ದರೆ, ಮರುದಿನ ಬೆಳಿಗ್ಗೆ ಕಾರಿನ ಕೀಲಿ ತಿರುಗಿಸುವ ಕೈ ತಾನಾಗಿ ಹದಕ್ಕೆ ಬರುತ್ತದೆ.