ಕುಡಿಯಬಹುದು, ಕುಣಿಯಬಾರದು

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಮೇಷ್ಟ್ರೇ, ಈ ನೈಟ್‌ಕ್ಲಬ್ಬುಗಳನ್ನೆಲ್ಲ ಮುಚ್ಚಿಸಬೇಕೆಂದು ನೀವಾದರೂ ಬರೆಯಬಾರದೇ?" ಎಂದು ಕೇಳಿದ್ದಾನೆ. ಬರೆಯುತ್ತೇನೆ, ಆದರೆ ಅವನು ಬಯಸಿದ್ದನ್ನಲ್ಲ.

ನಾನು ಮದ್ಯ ಮುಟ್ಟಿದವನಲ್ಲ, ಅಂತಹ ಸ್ಥಳದ ಹೊಸ್ತಿಲು ತುಳಿದವನೂ ಅಲ್ಲ. ಆದರೂ ನಮ್ಮವರ ತರ್ಕ ನನಗೆ ಅರ್ಥವಾಗುವುದಿಲ್ಲ. ಡಿಸ್ಕೊಥೆಕ್, ಕ್ಯಾಬರೆ, ಲೈವ್ ಬ್ಯಾಂಡ್‌ಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ ಆದೇಶ ಹೊರಟದ್ದು 2005ರಲ್ಲಿ. 2008ರಲ್ಲಿ ಅದನ್ನು ಬಿಗಿಯಾಗಿ ಜಾರಿಗೊಳಿಸಿದಾಗ ಪಬ್ಬುಗಳಲ್ಲಿ ಕುಣಿತ ನಿಂತಿತು, ಕುಡಿತ ನಿಲ್ಲಲಿಲ್ಲ. ವಾರಾಂತ್ಯದಲ್ಲಿ ರಾತ್ರಿ ಒಂದು ಗಂಟೆಯವರೆಗೆ ಮದ್ಯ ಮಾರಲು 2014ರಲ್ಲಿ ಅನುಮತಿ ದೊರೆಯಿತು, 2016ರಲ್ಲಿ ವಾರದ ಎಲ್ಲ ದಿನಗಳಿಗೂ. ಬೊಕ್ಕಸ ತುಂಬುವ ಕುಡಿತದಿಂದ ಕೆಡದ ಸಂಸ್ಕೃತಿ ಕಾಸು ತಾರದ ಕುಣಿತದಿಂದ ಕೆಡುತ್ತದೆಯೇ?

ನನ್ನ ಬಾಲ್ಯದಲ್ಲಿ ಹಿರಿಯರು ನಾಟಕ ಕಂಪನಿಯ ನಟಿಯರ ಬಗ್ಗೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಟೆಂಟಿನ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದವರೂ ಅವರೇ!

ನಿಯಂತ್ರಣವೇ ಬೇಡವೆಂದು ನಾನು ಹೇಳುತ್ತಿಲ್ಲ. ಇಂದಿರಾನಗರದ ನಿವಾಸಿಗಳು ಸದ್ದಿನಿಂದ ನಿದ್ದೆಗೆಟ್ಟು ದೂರಿದರೆ ಅದು ನ್ಯಾಯವಾದ ದೂರು. ನನ್ನ ತಕರಾರು, ಕಾವಲುಗಾರನ ಕಣ್ಣು ಎತ್ತ ನೆಟ್ಟಿದೆ ಎಂಬುದರ ಬಗ್ಗೆ. 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಬಾರೊಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಅದೇ ತಿಂಗಳು ಸುಪ್ರೀಂ ಕೋರ್ಟು 2005ರ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಪಬ್ಬುಗಳಲ್ಲಿ ಸಂಗೀತ ನಿಂತು, ಅದನ್ನೇ ನಂಬಿದ್ದ ಕಲಾವಿದರು ಕೆಲಸ ಕಳೆದುಕೊಂಡರು. ಆ ಐವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

2025ರ ಡಿಸೆಂಬರಿನಲ್ಲಿ ಗೋವಾದ ಆರ್ಪೋರದ ನೈಟ್‌ಕ್ಲಬ್ಬೊಂದಕ್ಕೆ ಬೆಂಕಿ ಹೊತ್ತಿ 25 ಮಂದಿ ಮಡಿದರು. ಸತ್ತವರಲ್ಲಿ ಹೆಚ್ಚಿನವರು ಮೋಜಿಗೆ ಬಂದವರಲ್ಲ; ದೂರದೂರುಗಳಿಂದ ಹೊಟ್ಟೆಪಾಡಿಗೆ ಬಂದು ದುಡಿಯುತ್ತಿದ್ದವರು. "ಅಂತಹ ಜಾಗಕ್ಕೆ ಹೋದವರಿಗೆ ಹಾಗೇ ಆಗಬೇಕು" ಎಂದು ನಮ್ಮ ಬಂಧುಗಳೊಬ್ಬರು ಅಂದದ್ದು ಕೇಳಿ ನನಗೆ ಮೈ ಉರಿಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಅಧಿಕಾರಿಗಳಾಗಿರುವವರೂ ಇದ್ದೀರಿ. ತಪಾಸಣೆಗೆ ಹೋದಾಗ ಯಾರು ಕುಣಿಯುತ್ತಿದ್ದಾರೆಂದು ಆಮೇಲೆ ನೋಡಿ. ಮೊದಲು ಅಡುಗೆಮನೆಗೆ ಎರಡನೆಯ ಬಾಗಿಲು ಇದೆಯೇ, ರಾತ್ರಿ ಅಲ್ಲಿ ಯಾರು ಮಲಗುತ್ತಾರೆ, ಹೊರಗಿನಿಂದ ಬೀಗ ಹಾಕುತ್ತಾರೆಯೇ ಎಂದು ಕೇಳಿ.