ನಗರದ ಆಯ್ಕೆ: ಸಂಬಳ ಒಂದೇ ಮಾನದಂಡವೇ?

ನಮ್ಮ ಹಿರಿಯರಿಗೆ ನಗರವನ್ನು ಆರಿಸುವ ಅವಕಾಶವೇ ಇರಲಿಲ್ಲ. ಸಂಬಂಧಿಕರ ಹೋಟೆಲು ಎಲ್ಲಿತ್ತೋ ಅದೇ ಅವರ ಪಾಲಿನ ನಗರ. ಹಗಲು ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಅವರು ಮುಂಬಯಿಯಲ್ಲಿ ನೆಲೆಯೂರಿದರು. ಇಂದು ಪರಿಸ್ಥಿತಿ ಬೇರೆ. ಮಕ್ಕಳ ಕೈಗೆ ಪದವಿ ಬರುತ್ತಲೇ ಪುಣೆಯೋ, ಬೆಂಗಳೂರೋ, ಹೈದರಾಬಾದೋ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತಿದೆ. ಆದರೆ ತೀರ್ಮಾನ ಮಾತ್ರ ಬಹುಮಟ್ಟಿಗೆ ನಗರದ ಹೆಸರು ಮತ್ತು ಸಂಬಳದ ಅಂಕಿಯ ಮೇಲೆಯೇ ನಿಂತಿದೆ.

ಕೇಂದ್ರ ಸರಕಾರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ 111 ನಗರಗಳ ಸುಗಮ ಜೀವನ ಸೂಚ್ಯಂಕ ಇಲ್ಲಿ ಗಮನಾರ್ಹ. 10 ಲಕ್ಷಕ್ಕೂ ಮಿಕ್ಕಿ ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ, ಪುಣೆಗೆ ಎರಡನೆಯ ಸ್ಥಾನ ದೊರೆಯಿತು. ನವಿ ಮುಂಬಯಿ 6ನೇ, ಬೃಹನ್ಮುಂಬಯಿ 10ನೇ ಸ್ಥಾನದಲ್ಲಿದ್ದವು. ಆದರೆ ಬೆಂಗಳೂರನ್ನು ಮೇಲಕ್ಕೇರಿಸಿದ್ದು ಮುಖ್ಯವಾಗಿ ಅದರ ಆರ್ಥಿಕ ಸಾಮರ್ಥ್ಯ. ಶಿಕ್ಷಣ, ಆರೋಗ್ಯ, ವಸತಿ, ಸಂಚಾರ ಮೊದಲಾದವನ್ನು ಅಳೆಯುವ ಜೀವನ ಗುಣಮಟ್ಟದ ವಿಭಾಗದಲ್ಲಿ ಚೆನ್ನೈ ಮುಂದಿತ್ತು. ಅಂದರೆ ಗಳಿಕೆಗೆ ಒಳ್ಳೆಯ ನಗರವೇ ಬಾಳುವೆಗೂ ಒಳ್ಳೆಯದಾಗಬೇಕೆಂದಿಲ್ಲ.

ಬೆಂಗಳೂರಿನಲ್ಲಿ ಮೆಟ್ರೋ 2011ರಲ್ಲಿ ಆರಂಭವಾಗಿದ್ದರೂ ಮುಂಬಯಿಯ ಲೋಕಲ್ ರೈಲಿನಷ್ಟು ವಿಸ್ತಾರದ ಜಾಲ ಅಲ್ಲಿಲ್ಲ. ಕಚೇರಿಯಿಂದ ದೂರ ಮನೆ ಹಿಡಿದರೆ ದಿನದ ಹಲವು ತಾಸು ರಸ್ತೆಯಲ್ಲೇ ಕಳೆದೀತು. ಮನೆ ಬಾಡಿಗೆಗೆ ಹಲವು ತಿಂಗಳ ಮುಂಗಡವನ್ನು ಒಟ್ಟಿಗೇ ಹೊಂದಿಸಬೇಕು. ಮಕ್ಕಳ ಶಾಲೆಯದು ಇನ್ನೊಂದು ಚಿಂತೆ. ಕರ್ನಾಟಕದ ಶಾಲೆಗಳಲ್ಲಿ 2015ರ ಕಾಯ್ದೆ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಇಲ್ಲಿ ಮರಾಠಿ ಕಲಿತು, ಮನೆಯಲ್ಲಿ ಕನ್ನಡ ಮಾತನಾಡಿದರೂ ಅಕ್ಷರ ಅರಿಯದ ನಮ್ಮ ಮಕ್ಕಳು ತಮ್ಮದೇ ನಾಡಿನ ತರಗತಿಯಲ್ಲಿ ತಡವರಿಸಬೇಕಾದೀತು.

ಉದ್ಯಮ ಹೂಡುವವರ ಲೆಕ್ಕ ಮತ್ತೊಂದು ಬಗೆಯದು. ಜಾಗದ ಕರಾರು ಎಷ್ಟು ವರ್ಷದ್ದು, ನೀರಿನ ಪೂರೈಕೆ ಹೇಗೆ, ಕೆಲಸಗಾರರು ಸಿಗುವರೇ, ಅವರು ಉಳಿದುಕೊಳ್ಳಲು ಜಾಗವಿದೆಯೇ ಎಂಬುದನ್ನು ಹೋಟೆಲು ನಡೆಸಿದ ಹಿರಿಯರಷ್ಟು ಬಲ್ಲವರು ಯಾರಿದ್ದಾರೆ? ಆ ಅನುಭವ ಅವರೊಂದಿಗೇ ಮರೆಯಾಗಬಾರದು.

ಇಲ್ಲಿ ನಮ್ಮ ಸಂಘ ಸಂಸ್ಥೆಗಳಿಗೆ ಕೆಲಸವಿದೆ. ಪ್ರತಿವರ್ಷ ವಿದ್ಯಾರ್ಥಿ ವೇತನ ವಿತರಿಸುತ್ತಿರುವುದು ಸ್ತುತ್ಯರ್ಹ. ಅದೇ ವೇದಿಕೆಯಲ್ಲಿ ಒಂದು ತಾಸನ್ನು ಇದಕ್ಕೆ ಮೀಸಲಿಡಲಿ. ಬೇರೆ ನಗರಗಳಿಗೆ ಹೋದ ಸದಸ್ಯರು, ಹೋಗಿ ಮರಳಿದವರೂ, ಬಾಡಿಗೆ, ಪ್ರಯಾಣ, ಶಾಲೆ, ಉಳಿತಾಯದ ನಿಜ ಲೆಕ್ಕವನ್ನು ಯುವಕ ಯುವತಿಯರ ಮುಂದಿಡಲಿ. ಹೋದವರು ಯಶಸ್ಸನ್ನಷ್ಟೇ ಹೇಳಿ ಕಷ್ಟವನ್ನು ಮುಚ್ಚಿಟ್ಟರೆ ಹಿಂದೆ ಬರುವವರಿಗೆ ಅನ್ಯಾಯ. ಹೆತ್ತವರೂ ಅಷ್ಟೇ, ಇಲ್ಲಿನ ಮನೆ ಮಾರಿ ಮಕ್ಕಳನ್ನು ಹಿಂಬಾಲಿಸುವ ಮುನ್ನ ಕೆಲವು ತಿಂಗಳು ಅಲ್ಲಿ ಇದ್ದು ನೋಡುವುದು ಕ್ಷೇಮ. ಮಾರಿದ ಮನೆಯನ್ನು ಮುಂಬಯಿಯಲ್ಲಿ ಮತ್ತೆ ಕೊಳ್ಳುವುದು ಸುಲಭವಲ್ಲ.