ದೇಹದ ಹೊರಗಿನ ಶ್ವಾಸಕೋಶ

ದೇಸೂರಿನ ಗೃಹಸ್ಥರೊಬ್ಬರು ಕೇಳಿದ್ದಾರೆ: “ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ‘ಎಕ್ಮೋ’ ಯಂತ್ರವನ್ನು ಹಚ್ಚಿದ್ದರೆಂದು ಓದಿದ್ದೆವು. ಅಷ್ಟು ದೊಡ್ಡ ಯಂತ್ರವಿದ್ದೂ ಅವರೇಕೆ ಉಳಿಯಲಿಲ್ಲ?” ಪ್ರಶ್ನೆಯು ಯೋಗ್ಯವಾದುದು. ವೈದ್ಯರು ಈ ಯಂತ್ರದ ಮಾತೆತ್ತುವ ಹೊತ್ತಿಗೆ ಮನೆಯವರಿಗೆ ವಿಚಾರಮಾಡುವ ವ್ಯವಧಾನವಿರುವುದಿಲ್ಲ. ಮೊದಲೇ ತಿಳಿದಿರುವುದು ಲೇಸು.

ತೊಡೆಸಂದಿನ ಇಲ್ಲವೆ ಕೊರಳಿನ ದೊಡ್ಡ ರಕ್ತನಾಳದಲ್ಲಿ ದಪ್ಪ ನಳಿಗೆಯನ್ನಿಳಿಸಿ, ಕಪ್ಪೇರಿದ ರಕ್ತವನ್ನು ಪಂಪಿನಿಂದ ಹೊರಗೆ ಸೆಳೆಯುವರು. ಪ್ರಾಯಸ್ಥರಲ್ಲಿ ಇದು ನಿಮಿಷಕ್ಕೆ ಸುಮಾರು 4-5 ಲೀಟರು. ಆ ರಕ್ತವು ಸಾವಿರಾರು ಟೊಳ್ಳಾದ ಸೂಕ್ಷ್ಮ ಎಳೆಗಳ ಸುತ್ತ ಹರಿಯುವುದು. ಎಳೆಗಳೊಳಗೆ ಆಮ್ಲಜನಕವು ಸಾಗುತ್ತಿರುವುದು. ಎರಡೂ ನೇರವಾಗಿ ಕೂಡುವುದಿಲ್ಲ. ನಡುವಣ ತೆಳುಪೊರೆಯ ಮೂಲಕ ಆಮ್ಲಜನಕವು ರಕ್ತವನ್ನು ಸೇರಿ, ಇಂಗಾಲದ ಡೈಆಕ್ಸೈಡು ಹೊರಬೀಳುವುದು. ಕೆಂಪಾದ ರಕ್ತವನ್ನು ಬೆಚ್ಚಗೆ ಮಾಡಿ ಹೃದಯದ ಸಮೀಪಕ್ಕೆ ಮರಳಿಸುವರು. (ಸಂಸ್ಕೃತದಲ್ಲಿ ಇದನ್ನು ‘ಬಹಿಷ್ಫುಪ್ಫುಸ’ವೆನ್ನಬಹುದೆಂದು ನಮಗೆ ತೋರಿತು, ಆದರೆ ದವಾಖಾನೆಯಲ್ಲಿ ಹಾಗೆ ಕೇಳಿದರೆ ಯಾರಿಗೂ ಅರ್ಥವಾಗಲಾರದು.)

ವೆಂಟಿಲೇಟರು ಗಾಳಿಯನ್ನು ಶ್ವಾಸಕೋಶದೊಳಕ್ಕೇ ಒತ್ತುವುದು. ಬಾವೇರಿ ನೀರು ತುಂಬಿದ ಶ್ವಾಸಕೋಶವು ಆ ಒತ್ತಡದಿಂದ ಮತ್ತಷ್ಟು ಕೆಡಬಹುದು. ಎಕ್ಮೋ ಅದಕ್ಕೆ ವಿಶ್ರಾಂತಿ ಕೊಡುವುದೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ. ಬಾಲಸುಬ್ರಹ್ಮಣ್ಯಂ ಅವರು 2020ರ ಆಗಸ್ಟ್ 5ರಂದು ಚೆನ್ನೈಯಲ್ಲಿ ದವಾಖಾನೆಗೆ ಸೇರಿದರು; ಅದೇ ತಿಂಗಳಲ್ಲಿ ಯಂತ್ರವನ್ನು ಹಚ್ಚಲಾಯಿತು. ಸಪ್ಟೆಂಬರ ಮೊದಲಲ್ಲಿ ಪರೀಕ್ಷೆಯಲ್ಲಿ ಕೋವಿಡ್ ಇಲ್ಲವೆಂದು ಬಂದಿತು. ಆದರೂ ಯಂತ್ರವನ್ನು ತೆಗೆಯುವಷ್ಟು ಅವರ ಶ್ವಾಸಕೋಶವು ಚೇತರಿಸಲಿಲ್ಲ, 25ರಂದು ತೀರಿಕೊಂಡರು. ಸೋಂಕು ಹೋಗುವುದು ಬೇರೆ, ಶ್ವಾಸಕೋಶವು ಮರಳುವುದು ಬೇರೆ.

ಹಾಗೆಂದು ಯಂತ್ರವು ನಿರರ್ಥಕವಲ್ಲ. 1971ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಪಘಾತಕ್ಕೀಡಾದ 24 ವರ್ಷದ ತರುಣನೊಬ್ಬನು 75 ತಾಸು ಇದರ ಆಶ್ರಯದಲ್ಲಿದ್ದು ಬದುಕಿಕೊಂಡನು. 2018ರಲ್ಲಿ ಪ್ರಕಟವಾದ 249 ರೋಗಿಗಳ ಪರೀಕ್ಷೆಯೊಂದರಲ್ಲಿ, 60 ದಿನಗಳೊಳಗೆ ತೀರಿಕೊಂಡವರು ಎಕ್ಮೋದವರಲ್ಲಿ ನೂರಕ್ಕೆ 35, ಉಳಿದವರಲ್ಲಿ 46. ಆದರೆ ಈ ಅಂತರವು ಕೇವಲ ಆಕಸ್ಮಿಕವಲ್ಲವೆಂದು ಸಿದ್ಧಪಡಿಸಲು ಆ ಲೆಕ್ಕ ಸಾಲಲಿಲ್ಲ.

ರಕ್ತವು ನಳಿಗೆಯಲ್ಲಿ ಹೆಪ್ಪುಗಟ್ಟದಂತೆ ಔಷಧ ಕೊಡಬೇಕಾಗುವುದು. ಅದರಿಂದ ಮಿದುಳಿನಲ್ಲಿಯೂ ರಕ್ತಸ್ರಾವವಾದೀತು. ವೆಚ್ಚವಂತೂ ಲಕ್ಷಗಳಲ್ಲಿ ಏರುವುದು; ಹೊಲ ಮಾರುವ ಮಾತು ಬರುವುದು ಇಲ್ಲಿಯೇ. ಆದುದರಿಂದ ಸಹಿಮಾಡುವ ಮೊದಲು ಮನೆಯ ಹಿರಿಯರು ಸಂಕೋಚವಿಲ್ಲದೆ ಕೇಳಬೇಕು: ಈ ಶ್ವಾಸಕೋಶವು ಸುಧಾರಿಸುವಂಥದೇ? ರೋಗಿಯನ್ನು ಬೋರಲು ಮಲಗಿಸಿ ನೋಡಿದ್ದಾಯಿತೇ? ವೆಂಟಿಲೇಟರಿನ ಮೇಲೆ ಈಗಾಗಲೇ ಎಷ್ಟು ದಿನ ಕಳೆದಿವೆ? ಸುಧಾರಿಸದಿದ್ದರೆ ಶ್ವಾಸಕೋಶದ ಕಸಿಗೆ ಅವಕಾಶವುಂಟೇ, ಇಲ್ಲವಾದರೆ ಯಂತ್ರವನ್ನು ನಿಲ್ಲಿಸುವ ನಿರ್ಣಯವನ್ನು ಯಾರು, ಎಂದು ಮಾಡುವರು?